ಜಿ.729ಎ ಮತ್ತು ಜಿ.729ಎಬಿ: ಎದುರಿನವರು ಸುಮ್ಮನಾದರೆ ಟಕ್ ಟಕ್ ಸದ್ದು

ಪೀಣ್ಯ_ಲೇತ್: ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಆಫೀಸಿನಲ್ಲಿ ಆಸ್ಟೆರಿಸ್ಕ್ (ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್) ಹಾಕಿದ್ದೇನೆ, ನೆಲಮಂಗಲದ ಗೋಡೌನ್‌ಗೆ ಎಸ್‌ಪಿ ರೋಡಿನಿಂದ ತಂದ ಹಳೇ ಐಪಿ ಫೋನ್‌ಗಳು. ಅಲ್ಲಿ ನೆಟ್ ತುಂಬ ಸ್ಲೋ, ಅದಕ್ಕೇ ಮಾತನ್ನು ಕುಗ್ಗಿಸಿ ಕಳಿಸುವ ಜಿ.729 ಕೋಡೆಕ್ ಇಟ್ಟೆ. ಮಾತು ಚೆನ್ನಾಗಿ ಕೇಳುತ್ತದೆ. ಆದರೆ ಅಲ್ಲಿಯವರು ಮಾತು ನಿಲ್ಲಿಸಿದ ಕೂಡಲೇ ಟಕ್ ಟಕ್ ಅನ್ನುತ್ತದೆ, ಆಮೇಲೆ ಏನೂ ಇಲ್ಲ, ಲೈನ್ ಕಟ್ಟಾಯಿತು ಅಂದುಕೊಂಡು ಅಪ್ಪ ಫೋನ್ ಇಟ್ಟೇಬಿಡುತ್ತಾರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಿ.729ಎಬಿ ಅಂತಿದೆ, ನಾನು ಹಾಕಿದ ಓಪನ್ ಸೋರ್ಸ್ ಲೈಬ್ರರಿ ಜಿ.729ಎ. ಇವೆರಡೂ ಬೇರೆ ಕೋಡೆಕ್ಕಾ? ಬೇರೆ ಆಗಿದ್ದರೆ ಮಾತಾದರೂ ಹೇಗೆ ಕೇಳುತ್ತಿದೆ?

ತಂತಿಮಾತು: ಎ, ಬಿ ಅನ್ನುವ ಅಕ್ಷರ ನೋಡಿ ಎಲ್ಲರೂ ಮೋಸ ಹೋಗುತ್ತಾರೆ, ಯಾಕೆಂದರೆ ಎರಡೂ ಒಂದೇ ಜಾತಿಯ ಬದಲಾವಣೆ ಅಲ್ಲ. ಎ ಅಂದರೆ ಲೆಕ್ಕ ಕಡಿಮೆ ಮಾಡಿದ ಜಿ.729, ಅಷ್ಟೇ. ಬಿಟ್‌ಗಳ ಜೋಡಣೆ ಅದೇ, 10 ಮಿಲಿಸೆಕೆಂಡಿಗೆ 10 ಬೈಟ್. ಅದಕ್ಕೇ ಮಾತು ಕೇಳುತ್ತಿದೆ. ಬಿ ಮಾತಿನ ವಿಷಯವೇ ಅಲ್ಲ, ಮೌನದ ವಿಷಯ: ಯಾರೂ ಮಾತಾಡದಿದ್ದಾಗ ಹಿನ್ನೆಲೆಯ ಸದ್ದು ಹೇಗಿದೆ ಅಂತ 2 ಬೈಟ್‌ನ ಪುಟ್ಟ ಫ್ರೇಮ್ ಕಳಿಸಿ ಸುಮ್ಮನಾಗುತ್ತದೆ. ಬಿ ಗೊತ್ತಿಲ್ಲದ ಡಿಕೋಡರ್ (ಬಂದದ್ದನ್ನು ಮತ್ತೆ ಸದ್ದು ಮಾಡುವ ಭಾಗ) ಆ 2 ಬೈಟನ್ನು ಏನು ಮಾಡಬೇಕು ಹೇಳಿ? ಅದನ್ನೂ ಮಾತು ಅಂದುಕೊಂಡು ಬಿಡಿಸಲು ಹೋಗುತ್ತದೆ. ನೆಟ್‌ವರ್ಕ್ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಹಾಕಿ ಆರ್‌ಟಿಪಿ ಪೇಲೋಡ್, ಅಂದರೆ ಒಂದೊಂದು ಪ್ಯಾಕೆಟ್ ಹೊತ್ತ ಧ್ವನಿಯ ಭಾಗದ ಅಳತೆ ನೋಡಿ. ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನಲ್ಲಿ ಎರಡು ಫ್ರೇಮ್, ಅಂದರೆ 20 ಬೈಟ್. 20 ಬೈಟ್‌ಗಳ ಮಧ್ಯೆ 2 ಅಥವಾ 12 ಕಂಡರೆ ಅದೇ ಕಾರಣ.

ಇನ್ನೊಂದು, ಎಸ್‌ಡಿಪಿಯಲ್ಲಿ (ಕರೆ ಶುರುವಾಗುವಾಗ ಯಾವ ಕೋಡೆಕ್ ಅಂತ ಎರಡೂ ಕಡೆ ಹೇಳಿಕೊಳ್ಳುವ ವಿವರ) ಅನೆಕ್ಸ್‌ಬಿ, ಅಂದರೆ ಈ ಬಿ ಬಗ್ಗೆ ಏನೂ ಬರೆಯದಿದ್ದರೆ ನಿಯಮದ ಪ್ರಕಾರ 'ಯೆಸ್' ಅಂತಲೇ ಅರ್ಥ. ಬೇಡ ಅಂದರೆ 'ನೋ' ಅಂತ ಬಾಯಿಬಿಟ್ಟು ಹೇಳಲೇಬೇಕು.

ಜಯನಗರ_4ನೇ_ಬ್ಲಾಕ್: ಇಷ್ಟೆಲ್ಲ ಯಾಕೆ, ಸುಮ್ನೆ ಅಷ್ಟಾಗಿ ಕುಗ್ಗಿಸದ ಜಿ.711 ಎ-ಲಾ ಕೋಡೆಕ್ ಹಾಕಿಬಿಡಿ ಅಲ್ವಾ? ಜಿ.729ಕ್ಕೆ ಲೈಸೆನ್ಸ್ ತೊಂದರೆ ಬೇರೆ.

ತಂತಿಮಾತು: ಲೈಸೆನ್ಸ್ ಕಾಟ 2017ರ ಜನವರಿಗೇ ಮುಗಿಯಿತು, ಈಗ ರಾಯಲ್ಟಿ ಇಲ್ಲ. ಪ್ಯಾಕೆಟ್ಟಿನ ಹೆಡರ್ (ವಿಳಾಸದ ಭಾಗ) ಸೇರಿಸಿ ಲೆಕ್ಕ ಹಾಕಿದರೆ ಜಿ.711ಕ್ಕೆ ಒಂದು ದಿಕ್ಕಿಗೆ 80 ಕೆಬಿಪಿಎಸ್ ಬೇಕು, ಜಿ.729ಕ್ಕೆ 24 ಸಾಕು. ಪೀಣ್ಯದ ಆಫೀಸಿನೊಳಗೆ ಜಿ.711 ಸರಿ, ಗೋಡೌನಿನ ಆ ನೆಟ್‌ಗೆ ಜಾಸ್ತಿ ಆಗುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಆಗ ಮಾತೇ ಮುರಿಯುತ್ತದೆ.

ಪೀಣ್ಯ_ಲೇತ್: ನೋಡಿದೆ ಸರ್. 20, 20, 20, ಆಮೇಲೆ 12, ಆಮೇಲೆ ಒಂದು 2. ವಿಚಿತ್ರ ಏನೆಂದರೆ ಆಸ್ಟೆರಿಸ್ಕ್ ಕಳಿಸಿದ ಎಸ್‌ಡಿಪಿಯಲ್ಲಿ ಅನೆಕ್ಸ್‌ಬಿ 'ನೋ' ಅಂತಲೇ ಇದೆ!

ತಂತಿಮಾತು: ಹಾಗಾದರೆ ಆಸ್ಟೆರಿಸ್ಕ್ ಹೇಳಿದ್ದನ್ನು ಫೋನ್ ಪಾಲಿಸುತ್ತಿಲ್ಲ. ಒಂದು ಕಡೆ 'ನೋ' ಅಂದರೆ ಇಬ್ಬರೂ ಬಿ ಬಿಡಬೇಕು, 2014ರ ಆರ್‌ಎಫ್‌ಸಿ 7261 (ಇಂಟರ್ನೆಟ್ ನಿಯಮಗಳ ದಾಖಲೆ) ಇದನ್ನು ಸ್ಪಷ್ಟವಾಗಿ ಬರೆದಿದೆ. ನಿಮ್ಮ ಫೋನ್ ಅದಕ್ಕಿಂತ ಹಳೆಯದು ಇರಬಹುದು. ಫೋನಿನಲ್ಲೇ ಮೌನ ಗುರುತಿಸಿ ಧ್ವನಿ ಕಳಿಸುವುದನ್ನು ನಿಲ್ಲಿಸುವ ಸೆಟ್ಟಿಂಗ್, ಸೈಲೆನ್ಸ್ ಸಪ್ರೆಷನ್ ಅಥವಾ ವಿಎಡಿ ಅಂತ ಇರುತ್ತದೆ, ಆಫ್ ಮಾಡಿ.

ಪೀಣ್ಯ_ಲೇತ್: ಆರು ಫೋನ್‌ಗಳಲ್ಲೂ ವಿಎಡಿ ಆಫ್ ಮಾಡಿದೆ. ಈಗ ಅಲ್ಲಿಯವರು ಸುಮ್ಮನಿದ್ದರೂ ಗೋಡೌನಿನ ಫ್ಯಾನ್ ಸದ್ದು ಕೇಳುತ್ತದೆ. ಬೆಳಿಗ್ಗೆಯಿಂದ ಅಪ್ಪ ಒಂದು ಸಲವೂ ಮಧ್ಯದಲ್ಲಿ ಫೋನ್ ಇಟ್ಟಿಲ್ಲ. ತುಂಬಾ ಥ್ಯಾಂಕ್ಸ್ ಸರ್.