ಡ್ರಮ್ಮರ್ ಬದಲಾದ ಮೇಲೆ ಐರನ್ ಮೇಡನ್ ಶೋಗೆ ಮತ್ತೆ ಹೋಗ್ಬೇಕಾ?

ಹಳೇ ಕಪ್ಪು ಟೀಶರ್ಟ್:
ಬ್ರಿಟಿಷ್ ಮೆಟಲ್ ಬ್ಯಾಂಡ್ ಐರನ್ ಮೇಡನ್ ಶೋ ನಾನು ನೋಡಿದ್ದು ಒಂದೇ ಸಲ, 2009ರಲ್ಲಿ. ಸ್ಟೇಜ್ ತುಂಬಾ ಈಜಿಪ್ಟ್ ಸೆಟ್ ಹಾಕಿದ್ದ ಟೂರ್ ಅದು. ಹಿಂದುಗಡೆಯಿಂದ ಮಮ್ಮಿ ವೇಷದ ದೈತ್ಯ ಎಡ್ಡಿ (ಬ್ಯಾಂಡಿನ ಗುರುತಿನ ಬೊಂಬೆ) ಎದ್ದು ಬಂದಾಗ ಬಾಯಿ ಬಿಟ್ಕೊಂಡು ನಿಂತಿದ್ದೆ. ಅಷ್ಟರಲ್ಲಿ ಜನ ನುಗ್ಗಿ ಎಡಗಾಲಿನ ಶೂ ಹೋಯ್ತು. ಉಳಿದ ಶೋ ಪೂರ್ತಿ ಒಂದು ಕಾಲಿಗೆ ಬರೀ ಕಾಲುಚೀಲ. ಆಮೇಲೆ ಮೂರು ದಿನ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು.

ಈಗ ಮತ್ತೆ ನೋಡುವ ಅವಕಾಶ ಸಿಕ್ಕಿದೆ. ಆದರೆ ನಾಲ್ಕು ದಿನದಿಂದ ಟಿಕೆಟ್ ಪುಟ ತೆಗೆಯೋದು, ಮುಚ್ಚೋದು, ಇದೇ ಕೆಲಸ. ಕಾರಣ ನಿಕೋ ಮೆಕ್‌ಬ್ರೇನ್. 1982ರಿಂದ ಡ್ರಮ್ಸ್ ಅಂದ್ರೆ ಅವರೇ. 2024ರ ಡಿಸೆಂಬರ್‌ನಲ್ಲಿ ಟೂರ್ ಹೋಗೋದು ನಿಲ್ಲಿಸಿದರು. ನಿಜ ಹೇಳಬೇಕಂದ್ರೆ ಅವತ್ತು ನನಗೆ ಅವರು ಸರಿಯಾಗಿ ಕಂಡೇ ಇಲ್ಲ. ಆ ಡ್ರಮ್ ಕೋಟೆಯ ಹಿಂದೆ ಒಮ್ಮೆ ಮೂಗು, ಒಮ್ಮೆ ಸ್ಟಿಕ್ಕಿನ ತುದಿ, ಅಷ್ಟೇ. ಆದರೂ ಅವರಿಲ್ಲ ಅಂದ್ರೆ ಮನಸ್ಸು ಒಪ್ತಿಲ್ಲ. 2025ರ ಟೂರ್ ನೋಡಿದವರು ಹೇಳಿ, ಅದೇ ಬ್ಯಾಂಡ್ ಅನ್ಸುತ್ತಾ?

ಮೂರು ಗಿಟಾರ್:
ನಾನು ನೋಡಿದೆ. ಮೊದಲ ಎರಡು ಹಾಡು ಸುಮ್ನೆ ತಪ್ಪು ಹುಡುಕ್ತಾ ನಿಂತಿದ್ದೆ. ನಿಕೋ ಜಾಗಕ್ಕೆ ಬಂದ ಸೈಮನ್ ಡಾಸನ್ ಹೊಸಬರೇನಲ್ಲ, ಮೇಡನ್‌ನ ಬೇಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ ಅವರ ಇನ್ನೊಂದು ಬ್ಯಾಂಡ್ ಬ್ರಿಟಿಷ್ ಲಯನ್‌ನಲ್ಲಿ ನುಡಿಸಿದವರು. ನಿಕೋ ಥರ ಇಲ್ಲ, ಒಪ್ಪಿದೆ. ಮೂರನೇ ಹಾಡಿಗೆ ಹ್ಯಾರಿಸ್ ಮಾನಿಟರ್ ಸ್ಪೀಕರ್ ಮೇಲೆ ಕಾಲಿಟ್ಟು, ಬೇಸ್ ಗಿಟಾರನ್ನು ಬಂದೂಕಿನ ಹಾಗೆ ನಮ್ಮ ಕಡೆ ತಿರುಗಿಸಿ, ಒಂದೊಂದು ಸಾಲಿಗೂ ಬಾಯಾಡಿಸೋಕೆ ಶುರು ಮಾಡಿದರು. ಆಮೇಲೆ ಡ್ರಮ್ಸ್ ಕಡೆ ನೋಡಿದ ನೆನಪೇ ಇಲ್ಲ.

ಇನ್ನೊಂದು ಮಾತು. 2023ರ ಜನವರಿಯಲ್ಲಿ ನಿಕೋಗೆ ಸ್ಟ್ರೋಕ್ ಆಗಿತ್ತು, ಬಲಭಾಗಕ್ಕೆ ಪೆಟ್ಟು. ಅದೇ ವರ್ಷ ಟೂರ್‌ಗೆ ವಾಪಸ್ ಬಂದರು. ಕೈಗೆ ಬಾರದ ಫಿಲ್‌ಗಳನ್ನು (ಸಾಲುಗಳ ನಡುವೆ ಬರುವ ಚಿಕ್ಕ ಡ್ರಮ್ ತುಣುಕುಗಳು) ಬದಲಿಸಿಕೊಂಡು 2024ರ ಕೊನೆತನಕ ನುಡಿಸಿದರು. ಅಂಥವರು ಸಾಕು ಅಂದಮೇಲೆ ನಮ್ಮದೇನು ತಕರಾರು? 2025ರ ಟೂರ್‌ನ ಹಾಡಿನ ಪಟ್ಟಿ ಪೂರ್ತಿ 1992ರವರೆಗಿನ ಆಲ್ಬಮ್‌ಗಳದ್ದು. ಬಟ್ಟೆ ಪರದೆ ಹೋಗಿ ದೊಡ್ಡ ಸ್ಕ್ರೀನ್ ಬಂದಿದೆ, ಅದು ಮಾತ್ರ ನನಗೆ ಹಿಡಿಸಲಿಲ್ಲ.

ಒಂಟಿ ಪೆಡಲ್:
ನಾನಂತೂ ಹೋಗಲ್ಲ. ಬೇರೆಯವರು ಕಾಲಲ್ಲಿ ನುಡಿಸೋ ದೊಡ್ಡ ಡ್ರಮ್‌ಗೆ ಎರಡು ಪೆಡಲ್ ಇಟ್ಟುಕೊಂಡು ಮಾಡೋದನ್ನ ನಿಕೋ ಒಂದೇ ಕಾಲಲ್ಲಿ ಮಾಡ್ತಿದ್ರು. ಹ್ಯಾರಿಸ್ ಬೆರಳಿನ ಕುದುರೆ ಓಟಕ್ಕೆ ಆ ಕಾಲೇ ಜೋಡಿ. ಹಟ ಅಂತಾದ್ರೂ ಅನ್ನಿ.

ಕಿವಿ ಜೋಪಾನ:
ಡ್ರಮ್ಮರ್ ಚರ್ಚೆ ಆಮೇಲೆ. ಮೂರು ದಿನ ಗುಂಯ್ ಅಂದಿದ್ದು ತಮಾಷೆ ಅಲ್ಲ. ಇಯರ್‌ಪ್ಲಗ್ ಇಲ್ಲದೆ ಹೋಗ್ಬೇಡಿ. 85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳಬಹುದು ಅನ್ನೋದು ಒಂದು ಲೆಕ್ಕ. ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತೆ. 100ಕ್ಕೆ ಹೋದ್ರೆ ಬರೀ 15 ನಿಮಿಷ. ಮೆಟಲ್ ಶೋ ಅದನ್ನೂ ದಾಟುತ್ತೆ. ಸ್ಪಂಜಿನ ಪ್ಲಗ್ ಹಾಕಿದ್ರೆ ಸಿಂಬಲ್ ಸದ್ದು ಮಂಕಾಗುತ್ತೆ, ಸಂಗೀತದವರು ಹಾಕೋ ಫಿಲ್ಟರ್ ಇರೋದು ತಗೊಳ್ಳಿ. ನಿಲ್ಲೋದು ಸೌಂಡ್ ಮಿಕ್ಸರ್ ಹತ್ರ. ಮಿಕ್ಸ್ ಮಾಡೋರಿಗೆ ಕೇಳಿಸಿದ್ದೇ ನಿಮಗೂ ಕೇಳಿಸುತ್ತೆ.

ಹಳೇ ಕಪ್ಪು ಟೀಶರ್ಟ್:
ಎಲ್ಲರಿಗೂ ಥ್ಯಾಂಕ್ಸ್. ಒಂಟಿ ಪೆಡಲ್ ಅವರೇ, ನಿಮ್ಮ ಹಟ ನನಗೂ ಅರ್ಥ ಆಗುತ್ತೆ. ಆದರೂ ನಿನ್ನೆ ರಾತ್ರಿ ಟಿಕೆಟ್ ತಗೊಂಡೆ. ಪ್ಲಗ್ ಆರ್ಡರ್ ಆಯ್ತು. ಮಿಕ್ಸರ್ ಹತ್ರನೇ ನಿಲ್ತೀನಿ, ಕೊನೇ ಮೂರು ಹಾಡಿಗೆ ಮುಂದೆ ಹೋಗದೆ ಇರೋಕೆ ಆಗುತ್ತಾ ಗೊತ್ತಿಲ್ಲ. ಈ ಸಲ ಲೇಸಿಗೆ ಎರಡು ಗಂಟು.