ಕಣ್ಣು ಮುಚ್ಚಿದರೂ ಕೈಯ ಬಾಗು ತಿಳಿಯುವುದಕ್ಕೆ ಏನನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ಮುಂಬಯಿಯಿಂದ ನಮಸ್ಕಾರ.

ಇಂಗ್ಲಿಷಿನಲ್ಲಿ ‘ಜಾಯಿಂಟ್ ಪೊಸಿಷನ್ ಸೆನ್ಸ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು ಬಳಸಬೇಕು ಎಂದು ಕೇಳಲು ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡಿದ್ದರೂ ಮೊಣಕೈ ಮಡಚಿದೆಯೋ ಚಾಚಿದೆಯೋ, ಬೆರಳು ಮೇಲಕ್ಕೆ ಬಾಗಿದೆಯೋ ಕೆಳಕ್ಕೋ ಎಂಬುದು ನಮಗೆ ತಾನಾಗಿ ತಿಳಿಯುತ್ತದಲ್ಲ, ಆ ತಿಳಿವಿನ ಹೆಸರು ಅದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರಲ್ಲಿ ಈ ತಿಳಿವು ಕೆಡುವುದುಂಟು. ಆಗ ಕೈಯಲ್ಲಿ ಬಲವಿದ್ದೂ ಕೈಕೆಲಸ ಸಾಗುವುದಿಲ್ಲ. ನಾನು ಇಲ್ಲಿ ಫಿಸಿಯೋಥೆರಪಿ ಮಾಡುವವಳು, ಹುಟ್ಟಿ ಬೆಳೆದದ್ದು ಧಾರವಾಡದ ಕಡೆ. ಕಲಬುರಗಿ, ಯಾದಗಿರಿ, ಅಕ್ಕಲಕೋಟೆಯ ಕಡೆಯಿಂದ ಚಿಕಿತ್ಸೆಗೆಂದು ಮುಂಬಯಿಗೆ ಬರುವವರು ಮತ್ತು ಮಾಟುಂಗ, ಘಾಟ್ಕೋಪರ್, ಡೊಂಬಿವಲಿಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕರಾವಳಿಯವರು, ಇಬ್ಬರಿಗೂ ತಿಳಿಯುವಂಥ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಇವರ ಕೈಗೆ ಬರುವ ಕಾಗದಗಳೆಲ್ಲ ಮರಾಠಿ, ಹಿಂದಿ, ಇಂಗ್ಲಿಷಿನವು.

ರೋಗದ ಹೆಸರಿಗೆ ಕನ್ನಡ ಪದ ಬೇಡ ಎಂದು ತೀರ್ಮಾನಿಸಿದ್ದೇನೆ. ಆಸ್ಪತ್ರೆಯ ಚೀಟಿಯಲ್ಲಿ, ಔಷಧಿ ಅಂಗಡಿಯಲ್ಲಿ, ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಎಲ್ಲೆಡೆಯೂ ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಇಲ್ಲವೇ ಅದರ ಚಿಕ್ಕರೂಪ ‘ಎಂ.ಎಸ್.’ ಎಂದೇ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಇದೂ ಒಂದು. ಹಕ್ಕು ಕೇಳಲು ಹೋದವರಿಗೆ ಕಾಯ್ದೆಯಲ್ಲಿರುವ ಹೆಸರೇ ಬಾಯಿಗೆ ಬರಬೇಕು.

ಪದದ ಚರ್ಚೆಗೆ ಮೊದಲು ಒಳಗೆ ನಡೆಯುವುದೇನು ಎಂದು ಹೇಳಿಬಿಡುತ್ತೇನೆ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸಂಕೇತ ವೇಗವಾಗಿ ಓಡಲು ಅದು ಬೇಕು. ಎಂ.ಎಸ್.ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಹೊದಿಕೆಯ ಮೇಲೆರಗಿ ಅಲ್ಲಲ್ಲಿ ಕಿತ್ತುಹಾಕುತ್ತದೆ, ಮಚ್ಚೆಯಂಥ ಕಲೆಗಳು ಉಳಿಯುತ್ತವೆ. ಪ್ಯಾರಿಸ್ಸಿನ ನರವೈದ್ಯ ಷಾರ್ಕೊ 1868ರಲ್ಲಿ ಈ ಕಲೆಗಳನ್ನೂ ಲಕ್ಷಣಗಳನ್ನೂ ಒಂದುಗೂಡಿಸಿ ಇದನ್ನು ಬೇರೆಯೇ ರೋಗವೆಂದು ವಿವರಿಸಿದರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಹುಮಟ್ಟಿಗೆ 20ರಿಂದ 40ರ ವಯಸ್ಸಿನೊಳಗೆ, ಮನೆ, ಮಕ್ಕಳು, ನೌಕರಿ ಎಲ್ಲವೂ ಕೈಯ ಮೇಲೇ ನಿಂತಿರುವ ಹೊತ್ತಿನಲ್ಲಿ ಶುರುವಾಗುತ್ತದೆ.

ಕೈಯ ಬಾಗಿನ ಸುದ್ದಿ ಹೊತ್ತ ತಂತುಗಳು ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರುತ್ತವೆ. ದಪ್ಪನೆಯ, ಮಯಲಿನ್ ಚೆನ್ನಾಗಿ ಹೊದ್ದ ತಂತುಗಳು. ಅಲ್ಲಿ ಕಲೆ ಬಿದ್ದರೆ ಸುದ್ದಿ ತಡವಾಗುತ್ತದೆ, ಕಲಸಿಹೋಗುತ್ತದೆ ಇಲ್ಲವೇ ತಲುಪುವುದೇ ಇಲ್ಲ. ಸ್ನಾಯುವಿಗೆ ಅಪ್ಪಣೆ ಒಯ್ಯುವ ದಾರಿ ಬೇರೆ, ನೋವು ಮತ್ತು ಬಿಸಿ-ತಂಪಿನ ದಾರಿ ಬೇರೆ. ಹೀಗಾಗಿ ಹಿಡಿತ ಗಟ್ಟಿಯಾಗಿದ್ದು, ಸೂಜಿ ಚುಚ್ಚಿದ್ದು ಗೊತ್ತಾಗುತ್ತಿದ್ದು, ಕೈ ಹೇಗಿದೆ ಎಂಬುದು ಮಾತ್ರ ತಿಳಿಯದಿರಬಹುದು. ಕಣ್ಣಿಟ್ಟು ನೋಡುತ್ತಿದ್ದರೆ ಕೆಲಸ ಹೇಗೋ ನಡೆಯುತ್ತದೆ. ಬೆನ್ನ ಹಿಂದೆ ಜಡೆ ಹಾಕುವಾಗ, ಕೊರಳ ಹಿಂದೆ ಸರದ ಕೊಂಡಿ ಸಿಕ್ಕಿಸುವಾಗ, ಲೋಕಲ್‌ನ ನೂಕಾಟದಲ್ಲಿ ಬ್ಯಾಗಿನೊಳಗೆ ಪಾಸ್ ಹುಡುಕುವಾಗ, ರಾತ್ರಿ ಕರೆಂಟು ಹೋದಾಗ ಕೈ ಸೋಲುತ್ತದೆ.

ಈಗ ಪದಕ್ಕೆ ಬರುತ್ತೇನೆ. ಸುಲಭವಾಗಿ ಹೊಳೆಯುವುದು ‘ಸಂಧಿಸ್ಥಾನ ಸಂವೇದನೆ’. ಇದರ ಮೂರು ತುಂಡುಗಳಲ್ಲಿ ಒಂದೂ ನನಗೆ ಒಪ್ಪಿಗೆಯಾಗುತ್ತಿಲ್ಲ.

‘ಸ್ಥಾನ’ ಎಂದರೆ ಜಾಗ. ಮೊಣಕೈ ಯಾವ ಜಾಗದಲ್ಲಿದೆ ಎಂದು ಕೇಳಿದರೆ ಜನ ಮೊಣಕೈಯನ್ನು ಮುಟ್ಟಿ ತೋರಿಸುತ್ತಾರೆ. ನಾವು ಕೇಳುತ್ತಿರುವುದು ಅದು ಎಷ್ಟು ಬಾಗಿದೆ ಎಂದು. ‘ಸ್ಥಿತಿ’ ಇನ್ನೂ ತೊಡಕಿನದು. ‘ಕೀಲಿನ ಸ್ಥಿತಿ’ ಎಂದೊಡನೆ ಸವೆತ, ಬಾವು, ಸಂಧಿವಾತ ನೆನಪಾಗುತ್ತವೆ. ‘ಭಂಗಿ’ ಇಡೀ ಮೈಗೆ ಸಲ್ಲುವ ಮಾತು, ಒಂದು ಬೆರಳಿನ ಗೆಣ್ಣಿಗೆ ಹೊಂದುವುದಿಲ್ಲ.

‘ಸಂವೇದನೆ’ ಪಠ್ಯಪುಸ್ತಕದಲ್ಲಿ ಸರಿಯೇ. ಆದರೆ ಪತ್ರಿಕೆ ಓದುವವರಿಗೆ ಅದು ಮರುಕಕ್ಕೆ, ಕರುಣೆಗೆ ಹತ್ತಿರದ ಪದ. ‘ಸಂವೇದನೆಯಿಲ್ಲದ ಕೈ’ ಎಂದರೆ ಕಲ್ಲೆದೆಯವರ ಕೈ ಎಂದಾಗಿಬಿಡುತ್ತದೆ. ‘ಪ್ರಜ್ಞೆ’ ಬೇಡವೇ ಬೇಡ. ‘ನಿಮ್ಮ ಕೈಯಲ್ಲಿ ಪ್ರಜ್ಞೆ ಕಡಿಮೆಯಾಗಿದೆ’ ಎಂದು ಬರೆದರೆ ಓದಿದವರು ತಾವು ಪ್ರಜ್ಞೆ ತಪ್ಪಿ ಬೀಳುತ್ತೇವೇನೋ ಎಂದು ಹೆದರುತ್ತಾರೆ. ಹಾಗೆ ಹೆದರಿದವರನ್ನು ಕಂಡೇ ಹೇಳುತ್ತಿದ್ದೇನೆ.

ಇನ್ನು ‘ಸಂಧಿ’ ಅಥವಾ ‘ಕೀಲು’. ಇಂಗ್ಲಿಷಿನಲ್ಲಿ ‘ಜಾಯಿಂಟ್’ ಇದೆ, ಆದ್ದರಿಂದ ಕನ್ನಡದಲ್ಲೂ ಇರಬೇಕು ಎಂದು ನಾವು ಅಂದುಕೊಂಡಿದ್ದೇವೆ. ಶರೀರಶಾಸ್ತ್ರ ಬೇರೆಯದೇ ಹೇಳುತ್ತದೆ. ಈ ಸುದ್ದಿಯ ಮುಖ್ಯ ಮೂಲ ಕೀಲಲ್ಲ, ಸ್ನಾಯು. ಸ್ನಾಯುವಿನೊಳಗೆ ನೂಲುವ ಕದಿರಿನಾಕಾರದ ಸೂಕ್ಷ್ಮ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಅವು ಮೇಲಕ್ಕೆ ತಿಳಿಸುತ್ತವೆ. ಸ್ಕಾಟ್ಲೆಂಡಿನ ಅಂಗರಚನಾ ತಜ್ಞ ಚಾರ್ಲ್ಸ್ ಬೆಲ್ 1826ರಲ್ಲೇ ಇದನ್ನು ‘ಸ್ನಾಯುಗಳ ಅರಿವು’ ಎಂದು ಕರೆದಿದ್ದರು. ನಡುವೆ ವಿಜ್ಞಾನಿಗಳ ಒಲವು ಕೀಲಿನ ಕಡೆ ತಿರುಗಿತ್ತು. 1972ರಲ್ಲಿ ಗುಡ್ವಿನ್, ಮ್ಯಾಕ್‌ಕ್ಲೋಸ್ಕಿ, ಮ್ಯಾಥ್ಯೂಸ್ ಎಂಬ ಮೂವರು ತೋಳಿನ ಸ್ನಾಯುರಜ್ಜುವಿನ ಮೇಲೆ ಕಂಪಕ, ಅಂದರೆ ಅದುರುವ ಉಪಕರಣ, ಇಟ್ಟು ನೋಡಿದರು. ಕೈ ಇದ್ದಲ್ಲೇ ಇದ್ದರೂ ಅದು ಚಾಚಿಕೊಳ್ಳುತ್ತಿದೆ ಎಂದು ಜನರಿಗೆ ಅನ್ನಿಸಿತು. ಸ್ನಾಯು ಕಳಿಸಿದ ಸುದ್ದಿಯೇ ಹಾಗೆ ಅನ್ನಿಸುವಂತೆ ಮಾಡಿತ್ತು. ಸೊಂಟದ ಕೀಲನ್ನೇ ತೆಗೆದು ಲೋಹದ್ದು ಹಾಕಿಸಿಕೊಂಡವರಿಗೂ ಕಾಲು ಎಷ್ಟು ಬಾಗಿದೆ ಎಂಬುದು ತಿಳಿಯುತ್ತದೆ. ಬೆರಳುಗಳಲ್ಲಿ ಚರ್ಮ ಮತ್ತು ಕೀಲುಗಳ ಪಾಲೂ ಇದೆ, ನಿಜ. ಆದರೂ ಕನ್ನಡ ಪದದಲ್ಲಿ ‘ಕೀಲು’ ಇರಲೇಬೇಕೆಂಬ ಒತ್ತಾಯ ನಮಗೆ ಬೇಡ. ‘ಕೀಲಿನ ಅರಿವು’ ಎಂದು ಓದಿ ಕೀಲಿಗೆ ಎಣ್ಣೆ ತಿಕ್ಕುತ್ತ ಕೂತರೆ ತೊಂದರೆ ಇರುವ ಕಡೆಗೆ ಗಮನವೇ ಹೋಗುವುದಿಲ್ಲ.

ಇದಕ್ಕಿಂತ ಅಗಲವಾದ, ಮೈಯ ಬಾಗು-ಚಲನೆಗಳ ಒಳತಿಳಿವಿಗೆಲ್ಲ ಸಲ್ಲುವ ‘ಪ್ರೊಪ್ರಿಯೋಸೆಪ್ಷನ್’ ಎಂಬ ಪದವನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಷೆರಿಂಗ್ಟನ್ 1906ರಲ್ಲಿ ಟಂಕಿಸಿದರು. ಅದರ ಲ್ಯಾಟಿನ್ ಮೂಲಕ್ಕೆ ‘ತನ್ನದು’ ಎಂಬರ್ಥ. ಅದನ್ನು ಹಿಡಿದು ‘ಸ್ವಸಂವೇದನೆ’, ‘ತನ್ನರಿವು’ ಎಂದು ಮಾಡಬಹುದು. ‘ತನ್ನರಿವು’ ಕಿವಿಗೆ ಇಂಪಾಗಿದೆ, ಸಂಸ್ಕೃತ ಪದಗಳನ್ನು ಕಡಿಮೆ ಮಾಡಿ ಬರೆಯುವ ‘ಎಲ್ಲರಕನ್ನಡ’ದ ಒಲವಿರುವವರು ಮೆಚ್ಚುತ್ತಾರೆ. ಆದರೆ ವಚನಗಳ ನಡುವೆ ಬೆಳೆದ ನಮ್ಮ ಕಡೆಯವರಿಗೆ ಅರಿವು ಎಂದರೆ ಗುರು, ತನ್ನ ತಾನರಿಯುವುದೆಂದರೆ ಸಾಧನೆ. ಆಸ್ಪತ್ರೆಯ ಕಾಗದದಲ್ಲಿ ‘ನಿಮಗೆ ತನ್ನರಿವು ಇಲ್ಲ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಹಾಗಾದರೆ ಜನ ಏನನ್ನುತ್ತಾರೆ? ಕಲಬುರಗಿ ಕಡೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳುವುದು, “ಕೈದು ಖಬರೇ ಇರಲ್ರೀ. ನೋಡಿದ್ರಷ್ಟೇ ಎಲ್ಲದ ಅಂತ ತಿಳೀತದ.” ಕರಾವಳಿಯವರು “ಕೈ ನಂದೇ ಅಲ್ಲ ಅಂತ ಆಗ್ತದೆ” ಎನ್ನುತ್ತಾರೆ. “ಜೋಮು ಹಿಡಿದಿದೆ”, “ಇರುವಿ ಹರದಂಗ ಆಗತದ” ಎನ್ನುವವರೂ ಇದ್ದಾರೆ, ಆದರೆ ಅದು ಚರ್ಮದ ಮಾತು. ಮರಾಠಿಯವರ ‘ಮುಂಗ್ಯಾ’ ಕೂಡ ಇದೇ ಇರುವೆ. “ಸ್ವಾಧೀನ ಇಲ್ಲ” ಎಂದರೆ ಕೇಳಿದವರು ಲಕ್ವ ಎಂದುಕೊಳ್ಳುತ್ತಾರೆ. ನಮಗೆ ಬೇಕಾದ್ದಕ್ಕೆ ‘ಖಬರು’ ಅತಿ ಹತ್ತಿರ. ಕಣ್ಣಿಲ್ಲದೆ ಒಳಗಿನಿಂದ ಸಿಗುವ ಸುದ್ದಿ ಎಂಬ ಅರ್ಥ ಅದರಲ್ಲಿದೆ. ಮೂಲದಲ್ಲೂ ಅದು ಸುದ್ದಿಯೇ ಅಲ್ಲವೇ.

ಆದರೂ ಅದನ್ನು ಬರೆಯಲು ನಾನು ಹಿಂಜರಿಯುತ್ತಿದ್ದೇನೆ, ಇದನ್ನು ತಾವೆಲ್ಲ ಯೋಚಿಸಬೇಕು. ನಮ್ಮ ಕಡೆ ಖಬರಿಲ್ಲದವರು ಎಂದರೆ ಗಮನ ಕೊಡದವರು. ‘ಖಬರಗೇಡಿ’ ಬೈಗುಳ. ‘ಪರಿವೆಯಿಲ್ಲ’, ‘ಎಚ್ಚರವಿಲ್ಲ’, ‘ಮೈಮೇಲೆ ಗ್ಯಾನ ಇಲ್ಲ’ ಎಲ್ಲವೂ ಹಾಗೆಯೇ, ಎಲ್ಲವೂ ಮನುಷ್ಯನ ಮೇಲೆ ತಪ್ಪು ಹೊರಿಸುತ್ತವೆ. ಎಂ.ಎಸ್. ಇರುವ ಎಷ್ಟೋ ಹೆಣ್ಣುಮಕ್ಕಳು ರೋಗದ ಹೆಸರು ಗೊತ್ತಾಗುವ ಮೊದಲು ಮನೆಯಲ್ಲಿ ಕೇಳಿಸಿಕೊಂಡಿರುವುದು ಇದೇ ಮಾತು. ಚಹದ ಕಪ್ಪು ಕೈಯಿಂದ ಜಾರಿತು, ಸಾರು ಚೆಲ್ಲಿತು, “ಎಲ್ಲಿ ಖಬರು ಇಟ್ಟೀದಿ ಬೇ” ಎಂದು ಅತ್ತೆ ಅಂದರು. ಆಕೆ ಗಮನ ಕೊಡದೆ ಚೆಲ್ಲಿದ್ದಲ್ಲ. ಉಳಿದವರಿಗೆ ಬೇಡದಷ್ಟು ಗಮನವನ್ನು ಆಕೆ ಕಪ್ಪಿನ ಮೇಲಿಟ್ಟಿರುತ್ತಾಳೆ, ಕಣ್ಣು ತುಸು ಆಚೆ ಹೋದೊಡನೆ ಜಾರಿರುತ್ತದೆ. ಆ ಮನೆಯವರು ಓದುವ ಕೈಪಿಡಿಯಲ್ಲೂ ‘ಖಬರಿಲ್ಲ’ ಎಂದೇ ಅಚ್ಚಾಗಿದ್ದರೆ ಬೈಗುಳಕ್ಕೆ ಮುದ್ರೆ ಒತ್ತಿದಂತಾಗುತ್ತದೆ.

ಸಂಸ್ಕೃತದ ಪದಗಳು ತಪ್ಪು ಹೊರಿಸುವುದಿಲ್ಲ, ಆದರೆ ತಿಳಿಯುವುದೂ ಇಲ್ಲ. ಮನೆಮಾತಿನವು ತಿಳಿಯುತ್ತವೆ, ಆದರೆ ನೋಯಿಸುತ್ತವೆ. ಈ ಎರಡರ ನಡುವೆ ನನಗೆ ಸಿಕ್ಕಿರುವುದು ‘ಸುಳಿವು’. ‘ಮೊಣಕೈ ಎಷ್ಟು ಬಾಗಿದೆ ಎಂಬ ಸುಳಿವು ಮಿದುಳಿಗೆ ಸಿಗುತ್ತಿಲ್ಲ’ ಎಂದು ಬರೆದು ನೋಡಿ. ಸುಳಿವು ಸಿಗದಿರುವುದು ಹುಡುಕುವವರ ತಪ್ಪಲ್ಲ, ಅದು ಬರಬೇಕಾದ ಕಡೆಯಿಂದ ಬಂದಿಲ್ಲ ಅಷ್ಟೆ. ಮಸುಕಾದ ಸುಳಿವು, ತಡವಾದ ಸುಳಿವು, ತಪ್ಪು ಸುಳಿವು ಎಂದು ಬೇರೆ ಬೇರೆ ಮಟ್ಟಗಳನ್ನೂ ಹೇಳಬಹುದು, ರೋಗದಲ್ಲಿ ಆಗುವುದೂ ಹಾಗೆಯೇ. ಬಿಸಿಲಲ್ಲಿ ನಡೆದು ಬಂದಾಗ, ಜ್ವರ ಬಂದಾಗ ಎಂ.ಎಸ್.ನ ಲಕ್ಷಣಗಳು ಕೆಲಹೊತ್ತು ಹೆಚ್ಚಾಗಿ ತಂಪಾದ ಮೇಲೆ ಇಳಿಯುತ್ತವೆ. ‘ಮೇ ತಿಂಗಳ ಮಧ್ಯಾಹ್ನ ಕೈಯ ಸುಳಿವು ಇನ್ನೂ ಮಸುಕಾಗಬಹುದು’ ಎಂದರೆ ಮುಂಬಯಿಯ ಸೆಕೆ ಉಂಡ ಯಾರಿಗೂ ಅರ್ಥವಾಗುತ್ತದೆ. ತಜ್ಞರಿಗಾಗಿ ಬರೆಯುವಾಗ ‘ಬಾಗುಸುಳಿವು’ ಎಂದು ಕೂಡಿಸಬಹುದೇನೋ. ನನ್ನ ಅನುಮಾನ ಒಂದೇ. ಪತ್ರಿಕೆಗಳ ‘ಕಳ್ಳರ ಸುಳಿವು’, ‘ಕೊಲೆಯ ಸುಳಿವು’ ಓದಿ ಓದಿ ಈ ಪದಕ್ಕೆ ಪೊಲೀಸರ ವಾಸನೆ ಅಂಟಿದೆಯೇ? ಮೈಸೂರು, ಶಿವಮೊಗ್ಗದ ಕಡೆಯವರ ಕಿವಿಗೆ ಇದು ಹೇಗೆ ಕೇಳುತ್ತದೆ?

ಕೈಪಿಡಿಗೆ ಬೇಕಾದ ಇನ್ನೊಂದು ಪದ ‘ಆರ್ಮ್ ಫಂಕ್ಷನ್’, ಅಂದರೆ ಕೈ ಎಷ್ಟು ಕೆಲಸ ಮಾಡಬಲ್ಲದು ಎಂಬುದು. ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ತೋಳಿನ ಕಾರ್ಯ’ ಎಂದರೆ ಓದುವವರ ಮನಸ್ಸು ರಟ್ಟೆಯಲ್ಲೇ ನಿಲ್ಲುತ್ತದೆ, ಮಣಿಕಟ್ಟು-ಬೆರಳುಗಳು ಹೊರಗುಳಿಯುತ್ತವೆ. ಕನ್ನಡದ ‘ಕೈ’ ಹೆಗಲಿಂದ ಬೆರಳ ತುದಿಯವರೆಗೂ ಸಲ್ಲುತ್ತದೆ, ಮರಾಠಿಯ ‘ಹಾತ್’ ಕೂಡ ಹಾಗೆಯೇ. ‘ಕೈಬಳಕೆ’ ಎಂದು ಇಟ್ಟುಕೊಂಡಿದ್ದೇನೆ. ‘ಕೈಚಳಕ’ ಹೊಳೆದಿತ್ತು, ಆದರೆ ಅದು ಜಾಣರ ಕೈಗೆ ಹೇಳುವ ಮಾತು, ಅನ್ನ ಕಲಸಿ ಉಣ್ಣುವ ಕೈಗಲ್ಲ.

ಕೈಬಳಕೆ ಅಳೆಯುವ ಒಂದು ಪರೀಕ್ಷೆಯಿದೆ. ಹಲಗೆಯಲ್ಲಿ ಒಂಬತ್ತು ಗುಳಿ, ಪಕ್ಕದಲ್ಲಿ ಒಂಬತ್ತು ಚಿಕ್ಕ ಕಡ್ಡಿ. ಒಂದೇ ಕೈಯಿಂದ ಒಂದೊಂದಾಗಿ ತುಂಬಿ ಮತ್ತೆ ತೆಗೆಯಬೇಕು, ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳುತ್ತೇವೆ. ಕಡ್ಡಿಗೆ ಇಂಗ್ಲಿಷಿನಲ್ಲಿ ‘ಪೆಗ್’ ಎನ್ನುತ್ತಾರೆ. ಅದನ್ನು ‘ಗೂಟ’ ಎಂದರೆ ದನ ಕಟ್ಟುವುದು ಕಣ್ಣಿಗೆ ಬರುತ್ತದೆ, ಹಾಗಾಗಿ ‘ಒಂಬತ್ತು ಗುಳಿ-ಕಡ್ಡಿ ಪರೀಕ್ಷೆ’ ಎಂದಿದ್ದೇನೆ. ಅಳಗುಳಿಮಣೆ ಆಡಿದವರಿಗೆ ಗುಳಿ ಹೊಸದಲ್ಲ. ಇದನ್ನು ಕಣ್ಣು ತೆರೆದೇ ಮಾಡಿಸುವುದರಿಂದ ಸುಳಿವಿನ ಕೊರತೆ ಇದರಲ್ಲಿ ಅರ್ಧಂಬರ್ಧ ಮುಚ್ಚಿಹೋಗಬಹುದು ಎಂಬ ಮಾತನ್ನೂ ಕೈಪಿಡಿಯಲ್ಲಿ ಸೇರಿಸುತ್ತೇನೆ.

ಸುಳಿವನ್ನೇ ನೋಡಬೇಕಾದರೆ ಕಣ್ಣು ಮುಚ್ಚಿಸಿ, ಬೆರಳಿನ ತುದಿಯ ಗೆಣ್ಣನ್ನು ಎರಡು ಪಕ್ಕಗಳಿಂದ ಹಿಡಿದು ಮೆಲ್ಲಗೆ ಆಡಿಸಿ, ಮೇಲೋ ಕೆಳಗೋ ಎಂದು ಕೇಳುತ್ತೇವೆ. ಮೇಲಿಂದ ಒತ್ತಿದರೆ ಒತ್ತಿದ್ದೇ ಉತ್ತರ ಹೇಳಿಕೊಟ್ಟುಬಿಡುತ್ತದೆ. ಇನ್ನೊಂದು ಬಗೆಯಲ್ಲಿ ಒಂದು ಕೈಯನ್ನು ನಾವು ಇಟ್ಟಂತೆಯೇ ಮತ್ತೊಂದನ್ನು ಅವರು ಇಡಬೇಕು. ಎಂ.ಎಸ್. ಎರಡೂ ಕೈಗಳನ್ನು ಬಾಧಿಸಿರಬಹುದಾದ್ದರಿಂದ ಇಲ್ಲಿ ತಪ್ಪು ಯಾವ ಕೈಯದೆಂದು ಹೇಳುವುದು ಕಷ್ಟ. ಆಗ ಅದೇ ಕೈಯನ್ನು ಒಮ್ಮೆ ಬಾಗಿಸಿ, ಮೊದಲಿನಂತೆ ತಂದು, ‘ಮುಂಚೆ ಇದ್ದಷ್ಟೇ ಬಾಗಿಸಿ’ ಎನ್ನುವುದು ಮೇಲು.

ನೇರವಾಗಿ ಅನುವಾದಿಸಲೇಬಾರದ ಒಂದು ಪದವೂ ಇದೆ. ಕುತ್ತಿಗೆಯ ಮಟ್ಟದ ಕಲೆಯಿಂದ ಸುಳಿವು ಪೂರ್ತಿ ಕಳೆದುಕೊಂಡ ಕೈಗೆ, ಜರ್ಮನ್ ನರವೈದ್ಯ ಹರ್ಮನ್ ಒಪ್ಪೆನ್‌ಹೈಮ್ ಅವರ ಹೆಸರಿನ ಜೊತೆ ಇಂಗ್ಲಿಷಿನಲ್ಲಿ ‘ಯೂಸ್‌ಲೆಸ್’ ಎಂಬ ವಿಶೇಷಣ ಅಂಟಿಸಿದ್ದಾರೆ. ‘ನಿರುಪಯುಕ್ತ ಕೈ’, ‘ಕೆಲಸಕ್ಕೆ ಬಾರದ ಕೈ’ ಎಂದು ಕನ್ನಡದಲ್ಲಿ ಅಚ್ಚಾಗುವುದನ್ನು ನಾನು ನೋಡಲಾರೆ. ಹಲವರಲ್ಲಿ ಇದು ಕೆಲವು ತಿಂಗಳಲ್ಲಿ ಸುಧಾರಿಸುತ್ತದೆ. ‘ಒಪ್ಪೆನ್‌ಹೈಮ್ ಕೈ’ ಎಂದಷ್ಟೇ ಬರೆಯುತ್ತೇನೆ, ಇದರಲ್ಲಿ ಚರ್ಚೆಗೆ ನನಗೆ ಮನಸ್ಸಿಲ್ಲ.

ತಮ್ಮಿಂದ ಬೇಕಾದದ್ದು ಹೊಸದಾಗಿ ಕಟ್ಟಿದ ಪದಗಳಿಗಿಂತ ಹೆಚ್ಚಾಗಿ ಕೇಳಿದ ವಾಕ್ಯಗಳು. ತಮ್ಮ ಮನೆಯ ಹಿರಿಯರು, ನೇಯುವವರು, ಬುಟ್ಟಿ ಹೆಣೆಯುವವರು, ಹೂ ಕಟ್ಟುವವರು, ಮೃದಂಗ ಅಥವಾ ಚೆಂಡೆ ಬಾರಿಸುವವರು, ಕಣ್ಣಿಟ್ಟು ನೋಡದೆಯೇ ಕೈಗೆ ತಿಳಿಯುವ ಈ ಸಂಗತಿಯನ್ನು ಏನೆಂದು ಹೇಳುತ್ತಾರೆ? ಅದು ತಪ್ಪಿದಾಗ ಏನನ್ನುತ್ತಾರೆ? ಬೈಗುಳವಲ್ಲದ ಮಾತು ಯಾವ ಸೀಮೆಯದಾದರೂ ಇರಲಿ, ಅದು ಯಾವ ಊರಿನದೆಂದು ಸೇರಿಸಿ ಬರೆಯಿರಿ. ಬೀದರ, ಕಾರವಾರ, ಚಾಮರಾಜನಗರದ ಕಡೆಯ ಮಾತು ನನ್ನ ಬಳಿ ಏನೇನೂ ಇಲ್ಲ.