ಉಡುಪಿ ಕಡೆಯ ಪದವಿನಲ್ಲಿ 60 ಕಾರಿನ ಡ್ರೈವ್-ಇನ್ ಸಿನೆಮಾ: ತೆರೆ, ಬೆಳಕು, ಸದ್ದಿನ ಲೆಕ್ಕ ಹೇಗೆ?

ಕಾಪು ಕಡಲಕರೆ:
ಕಾಪುವಿನಿಂದ ಸ್ವಲ್ಪ ಒಳಗೆ ಎರಡು ಎಕರೆ ಮುರಕಲ್ಲಿನ ಪದವು (ಬೋಳು ಬಯಲು) ಬಾಡಿಗೆಗೆ ಸಿಗುವ ಹಾಗೆ ಉಂಟು. ಜನವರಿಯಿಂದ ಎಪ್ರಿಲ್‌ವರೆಗೆ ಶನಿವಾರ, ಭಾನುವಾರ ಮಾತ್ರ ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್ ಸಿನೆಮಾ ಮಾಡುವ ಯೋಚನೆ. ತೆರೆ 40 ಅಡಿ ಅಗಲ, 22.5 ಅಡಿ ಎತ್ತರ. ಪ್ರೊಜೆಕ್ಟರ್ 10,000 ಲ್ಯೂಮೆನ್‌ನ ಲೇಸರ್, ಅದೂ ಬಾಡಿಗೆಗೆ. 10 ಕಾರಿನ ಆರು ಸಾಲು ಸಾಕಾ? ಪಡುವಣದಲ್ಲಿ ತೆರೆದ ಆಕಾಶ, ಮೂಡಣದ ಜಂಕ್ಷನ್‌ನಲ್ಲಿ ಹೈಮಾಸ್ಟ್ ದೀಪ. ತೆರೆಯ ಮುಖ ಯಾವ ದಿಕ್ಕಿಗೆ ಇಡುವುದು? ಎಲ್ಲ ಕಡೆ ಮುಚ್ಚಿಹೋದ ವ್ಯವಹಾರ ಇದು ಎಂದು ಮನೆಯವರ ತಕರಾರು ಬೇರೆ.

ಕುಡ್ಲದ ಪ್ರೊಜೆಕ್ಷನ್:
ಆರು ಸಾಲು ಬೇಡ, 15 ಕಾರಿನ ನಾಲ್ಕು ಸಾಲು ಮಾಡಿ. ಎದುರಿನ ಕಾರಿನ ತಲೆ ಅಡ್ಡ ಬಾರದಿರಲು ತೆರೆಯ ಕೆಳಗಿನ ಅಂಚು ನೆಲದಿಂದ 10 ಅಡಿ ಮೇಲಿರಬೇಕು. ಆಗ ಮೇಲಿನ ಅಂಚು 32.5 ಅಡಿ, ಅಂದರೆ ಸುಮಾರು 10 ಮೀಟರ್. ಚಾಲಕನ ಸೀಟಿನಿಂದ ವಿಂಡ್‌ಶೀಲ್ಡ್‌ನ ಮೇಲಂಚಿನ ತನಕ ಕಣ್ಣಿಗೆ ಸಿಗುವ ಮೇಲ್ಮುಖ ಕೋನ ಹೆಚ್ಚೆಂದರೆ 15 ಡಿಗ್ರಿ, ಹಿಂದಿನ ಸೀಟಿನವರಿಗೆ ಅದಕ್ಕೂ ಕಡಿಮೆ. ಕಣ್ಣಿನ ಎತ್ತರ 1.2 ಮೀಟರ್ ಎಂದು ಹಿಡಿದರೆ ಮೊದಲ ಸಾಲು ತೆರೆಯಿಂದ 32 ಮೀಟರ್ ದೂರ ನಿಲ್ಲಬೇಕು. ಹತ್ತಿರ ನಿಲ್ಲಿಸಿದರೆ ನಾಯಕನ ತಲೆ ಕಾರಿನ ಮಾಡಿನೊಳಗೆ ಹೋಗುತ್ತದೆ.

ಒಂದು ಸಾಲಿನಿಂದ ಇನ್ನೊಂದಕ್ಕೆ 11.5 ಮೀಟರ್ ಇಡಿ: ಕಾರಿಗೆ 4.5, ಬಂದು ಹೋಗಲು 7. ನಾಲ್ಕನೇ ಸಾಲು 66 ಮೀಟರಿಗೆ ಬರುತ್ತದೆ. ಅಲ್ಲಿಂದ ನಿಮ್ಮ ತೆರೆ, 5 ಮೀಟರ್ ದೂರದಿಂದ ನೋಡಿದ 43 ಇಂಚಿನ ಟಿವಿಯಷ್ಟು ಕಾಣುತ್ತದೆ. ಆರನೇ ಸಾಲಾದರೆ ಸುಮಾರು 90 ಮೀಟರ್ ಆಗುತ್ತದೆ, ಅಷ್ಟು ದೂರ ಕೂರಿಸಿ ಪೂರ್ತಿ ಟಿಕೆಟ್ ತೆಗೆದುಕೊಳ್ಳುವುದು ನ್ಯಾಯವಲ್ಲ. ಕಾರಿಗೆ 3 ಮೀಟರ್ ಅಗಲ, ಎರಡೂ ಬದಿ ದಾರಿ, ಎಲ್ಲ ಸೇರಿ ಒಂದೂವರೆ ಎಕರೆಯಲ್ಲಿ ಮುಗಿಯುತ್ತದೆ. ಉಳಿದದ್ದು ಗೇಟಿನ ಸರದಿಗೆ, ಶೌಚಾಲಯಕ್ಕೆ. ಎಸ್‌ಯುವಿಗಳನ್ನೆಲ್ಲ ಕೊನೆಯ ಸಾಲಿಗೆ ಕಳಿಸಿ, ಇದರಲ್ಲಿ ದಾಕ್ಷಿಣ್ಯ ಬೇಡ.

1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಮೊದಲ ಡ್ರೈವ್-ಇನ್ ತೆರೆದಾಗ ಪೇಟೆಂಟ್ ಪಡೆದದ್ದೇ ಕಾರಿನ ಮೂತಿ ಎತ್ತುವ ಏರುನೆಲಕ್ಕೆ. ಜಾಗದವರು ಒಪ್ಪಿದರೆ ನೀವೂ ಜೆಸಿಬಿಯಿಂದ 4 ಮೀಟರ್ ಉದ್ದಕ್ಕೆ 1 ಅಡಿ ಏರು ಮಾಡಿಸಿ. ಇನ್ನೂ 4 ಡಿಗ್ರಿ ಸಿಗುತ್ತದೆ, ಮೊದಲ ಸಾಲು 25 ಮೀಟರಿಗೆ ಬರಬಹುದು. ಚಕ್ರದಡಿಗೆ ಬರೇ ಗುಡ್ಡೆ ಹಾಕಿದರೆ ಸಣ್ಣ ಕಾರಿನ ಹೊಟ್ಟೆ ತಾಗುತ್ತದೆ.

ದಿಕ್ಕು: ಮುಖ ಪಡುವಣಕ್ಕೆ ಬೇಡವೇ ಬೇಡ, ಮುಳುಗಿದ ಸೂರ್ಯನ ಬೆಳಕು ಅರ್ಧ ಗಂಟೆ ತೆರೆಯ ಮೇಲೇ ಇರುತ್ತದೆ. ಸಾಮಾನ್ಯವಾಗಿ ಮೂಡಣ ಒಳ್ಳೆಯದು, ಆದರೆ ನಿಮಗೆ ಅಲ್ಲಿ ಹೈಮಾಸ್ಟ್. ನಿಮ್ಮ ಪ್ರೊಜೆಕ್ಟರ್ ಈ ತೆರೆಗೆ ಸುಮಾರು 120 ಲಕ್ಸ್ (ತೆರೆಯ ಮೇಲೆ ಬೀಳುವ ಬೆಳಕಿನ ಅಳತೆ) ಕೊಡುತ್ತದೆ. ಹೊರಗಿನ ಬೆಳಕು 5 ಲಕ್ಸ್ ಬಿದ್ದರೂ ಕಪ್ಪು ಹೋಗಿ ಬೂದಿಬಣ್ಣ ಆಗುತ್ತದೆ, ರಾತ್ರಿಯ ದೃಶ್ಯಗಳಲ್ಲಿ ಎಂತದೂ ಕಾಣುವುದಿಲ್ಲ. ಹುಣ್ಣಿಮೆ ಚಂದ್ರನದ್ದು ಕಾಲು ಲಕ್ಸ್, ಅದಕ್ಕೆ ಹೆದರಬೇಡಿ. ಮುಖ ಬಡಗಣಕ್ಕೆ ಇಡಿ. ಮುಂಗಡ ಕೊಡುವ ಮೊದಲು ರಾತ್ರಿ 7.30ಕ್ಕೆ ತೆರೆ ಬರುವ ಜಾಗದಲ್ಲಿ ಲಕ್ಸ್ ಮೀಟರ್ ಹಿಡಿದು ನೋಡಿ. 1 ಲಕ್ಸ್ ದಾಟಿದರೆ ಬೇರೆ ಪದವು ಹುಡುಕಿ.

ಉಡುಪಿ ಸೌಂಡ್ಸ್:
ಸದ್ದಿನ ವಿಷಯ ನಾನು ಹೇಳ್ತೇನೆ. ತೆರೆಯ ಹತ್ತಿರ ದೊಡ್ಡ ಬಾಕ್ಸ್ ಇಟ್ಟು ಎಲ್ಲರಿಗೂ ಕೇಳಿಸುವುದು ಆಗದ ಮಾತು. 66 ಮೀಟರ್ ದಾಟಲು ಸದ್ದಿಗೆ 0.19 ಸೆಕೆಂಡ್ ಬೇಕು. ಕೊನೆಯ ಸಾಲಿಗೆ ತುಟಿಗಿಂತ ನಾಲ್ಕೈದು ಫ್ರೇಮ್ ಹಿಂದೆ ಮಾತು. ಎಫ್‌ಎಂನಲ್ಲಿ ಕಾರಿನ ಸ್ಟೀರಿಯೊಗೆ ಕಳಿಸುವುದೇ ಚಂದ, ಆದರೆ ಟ್ರಾನ್ಸ್‌ಮಿಟರ್ ಎಷ್ಟೇ ಸಣ್ಣದಿರಲಿ, ಕೇಂದ್ರ ಸರಕಾರದ ಡಬ್ಲ್ಯುಪಿಸಿಯ (ರೇಡಿಯೊ ತರಂಗಗಳ ಬಳಕೆ ನೋಡಿಕೊಳ್ಳುವ ವಿಭಾಗ) ಅನುಮತಿ ಇಲ್ಲದೆ ಹಚ್ಚಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪೆಟ್ಟಿಗೆ ಪಕ್ಕದ ಸ್ಟೇಷನ್ ಮೇಲೂ ಗಲಾಟೆ ಮಾಡುತ್ತದೆ. ಬ್ಲೂಟೂತ್, ವೈಫೈ ಎರಡರಲ್ಲೂ ಸದ್ದು ತಡವಾಗುತ್ತದೆ, ಒಂದೊಂದು ಫೋನಿಗೆ ಒಂದೊಂದು ರೀತಿ.

ಅನುಮತಿ ಬರುವ ತನಕ ಎರಡು ಕಾರಿಗೆ ಒಂದರಂತೆ ಕಂಬದಲ್ಲಿ ಸಣ್ಣ ಸ್ಪೀಕರ್, 100 ವೋಲ್ಟ್ ಲೈನ್‌ನಲ್ಲಿ (ಒಂದೇ ಉದ್ದ ತಂತಿಗೆ ಹಲವು ಸ್ಪೀಕರ್ ಜೋಡಿಸುವ ಕ್ರಮ). 30 ಸ್ಪೀಕರ್, ತಲಾ 10 ವಾಟ್‌ಗೆ ಹೊಂದಿಸಿ; 500 ವಾಟ್ ಆಂಪ್ಲಿಫೈಯರ್ ಸಾಕು. ಕೇಬಲ್ ನೆಲದಲ್ಲಿ ಬಿಟ್ಟರೆ ಟಯರಿನಡಿ ಹೋಗುತ್ತದೆ, ಪೈಪಿನಲ್ಲಿ ಹಾಕಿ ಹೂಳಿ. ಧ್ವನಿವರ್ಧಕಕ್ಕೂ ಅನುಮತಿ ಬೇಕು, 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ಕ್ಕೆ ನಿಲ್ಲಿಸಲೇಬೇಕು.

ಎಫ್‌ಎಂ ಬಂದ ಮೇಲೆ ಬ್ಯಾಟರಿಯ ತಲೆನೋವು. ಸ್ಟೀರಿಯೊ ಮಾತ್ರ ಆದರೆ ಮೂರು ಗಂಟೆಗೆ 9 ಆಂಪಿಯರ್-ಅವರ್ ಆಸುಪಾಸು, 35 ಆಂಪಿಯರ್-ಅವರ್‌ನ ಒಳ್ಳೆಯ ಬ್ಯಾಟರಿ ತಡೆಯುತ್ತದೆ. ಸೆಕೆಗೆ ಬ್ಲೋವರ್ ಹಾಕಿ ಕೂತರೆ ಇಂಟರ್ವಲ್ ಆದ ಮೇಲೆ ಕಾರು ಸ್ಟಾರ್ಟ್ ಆಗುವುದು ಅನುಮಾನ. ಸತ್ತ ಬ್ಯಾಟರಿಯ ಕಾರನ್ನು ಎಬ್ಬಿಸುವ ಜಂಪ್ ಸ್ಟಾರ್ಟರ್ ಎರಡು ಕೈಯಲ್ಲಿರಲಿ.

ಟೆಂಟ್ ಟಾಕೀಸ್:
ಮನೆಯವರ ತಕರಾರಿಗೆ ಉತ್ತರ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಸುಮಾರು 4,000 ಡ್ರೈವ್-ಇನ್ ಇತ್ತು, ಈಗ ಸುಮಾರು 300. ಮುಖ್ಯ ಕಾರಣ ಜಾಗದ ಬೆಲೆ. ಊರ ಹೊರಗಿದ್ದ ಹತ್ತಾರು ಎಕರೆ ಊರೊಳಗೆ ಬಂತು. ದಿನಕ್ಕೆ ಒಂದೆರಡು ಆಟ ಆಡುವ ನೆಲ ಅಂಗಡಿಸಾಲಿನ ಬಾಡಿಗೆಯ ಎದುರು ನಿಲ್ಲಲಿಲ್ಲ. 1966ರ ಕಾಯಿದೆಯಿಂದ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿ, ಕತ್ತಲಾಗುವ ಹೊತ್ತೂ ಆಟವೂ ತಡವಾಯಿತು. ಆಮೇಲೆ ಮನೆಯಲ್ಲೇ ಸಿನೆಮಾ ತೋರಿಸುವ ವಿಸಿಆರ್, ಕೊನೆಗೆ 2013ರ ಆಸುಪಾಸು ರೀಲು ನಿಂತು ದುಬಾರಿ ಡಿಜಿಟಲ್ ಪ್ರೊಜೆಕ್ಟರ್. ಇಷ್ಟಾದರೂ ಅಹಮದಾಬಾದಿನಲ್ಲಿ 1973ರಲ್ಲಿ ಶುರುವಾದದ್ದು ಹೆಸರು ಉಳಿಸಿಕೊಂಡಿತು, ಅಲ್ಲಿ ಕಾರಿಲ್ಲದವರೂ ನೆಲದಲ್ಲಿ ಕೂತು ನೋಡಬಹುದು. ಮುಂಬೈಯಲ್ಲಿ 2021ರಲ್ಲಿ ಮಾಲ್‌ನ ತಾರಸಿಯಲ್ಲೇ ಹೊಸತು ತೆರೆದರು. ಅಳುವ ಮಗು, ಮಂಡಿನೋವಿನ ಅಜ್ಜಿ, ಬುತ್ತಿ, ಹರಟೆ ಎಲ್ಲವನ್ನೂ ಕರಕೊಂಡು ಹೋಗಬಹುದಾದ ಸಿನೆಮಾ ಬೇರೆ ಎಲ್ಲುಂಟು?

ನೀವು ನೆಲ ಕೊಳ್ಳುತ್ತಿಲ್ಲ, ಬಯಲಾಟದ ಮೇಳದ ಹಾಗೆ ಮಳೆಯಿಲ್ಲದ ತಿಂಗಳಲ್ಲಿ ಮಾತ್ರ ಆಡುತ್ತೀರಿ. ಹಾಗಾಗಿ ಮುಖ್ಯ ಹೊಡೆತ ನಿಮಗಿಲ್ಲ. ಜನವರಿಯಲ್ಲಿ ಸೂರ್ಯಾಸ್ತ 6.25ರ ಸುಮಾರಿಗೆ, 7.10ಕ್ಕೆ ಶುರು ಮಾಡಿದರೆ ಎರಡೂವರೆ ಗಂಟೆಯ ಸಿನೆಮಾ, ಹತ್ತು ನಿಮಿಷದ ಇಂಟರ್ವಲ್ ಸೇರಿ 9.50. ಎಪ್ರಿಲ್‌ನಲ್ಲಿ ಕತ್ತಲಾಗುವುದು ತಡ, 10 ದಾಟುತ್ತದೆ. ಆಗ ಎರಡು ಗಂಟೆಯೊಳಗಿನದ್ದೇ ಆರಿಸಿ. ಟಿಕೆಟಿನ ಪಾಲು ವಿತರಕರಿಗೆ ಹೋಗುತ್ತದೆ, ನಿಮಗೆ ಉಳಿಯುವುದು ಚರುಮುರಿ, ಗೋಳಿಬಜೆಯದ್ದು. ಅಂಗಡಿ ಗೇಟಿನ ಹತ್ತಿರ ಬೇಡ, ಎರಡನೇ ಸಾಲಿನ ಪಕ್ಕ ಇರಲಿ, ದೀಪಕ್ಕೆ ಮರೆ ಕಟ್ಟಿ.

1964ರ ಕರ್ನಾಟಕ ಸಿನೆಮಾ ಕಾಯಿದೆಯ ಪರವಾನಗಿಗೆ ಡಿಸಿ ಕಚೇರಿ, ಜೊತೆಗೆ ಅಗ್ನಿಶಾಮಕದವರ ಎನ್‌ಒಸಿ. ಸಿನೆಮಾದ ಪ್ರದರ್ಶನದ ಹಕ್ಕು ಬರವಣಿಗೆಯಲ್ಲಿರಲಿ, ಒಟಿಟಿ ಖಾತೆಯಿಂದ ಹಾಕುವುದು ಕಾನೂನಿಗೆ ವಿರುದ್ಧ. ಹೊಸ ಸಿನೆಮಾ ಬೀಗ ಹಾಕಿದ ಫೈಲಾಗಿ ಬರುತ್ತದೆ, ಅದರ ಡಿಜಿಟಲ್ ಕೀ ಯಾವ ಸರ್ವರ್‌ಗೆ ಕೊಟ್ಟದ್ದೋ ಅದರಲ್ಲಿ ಮಾತ್ರ ತೆರೆಯುತ್ತದೆ, ಬಾಡಿಗೆ ಪ್ರೊಜೆಕ್ಟರಿನಲ್ಲಿ ಅದು ಕಷ್ಟ. ಹಳೆಯ ಕನ್ನಡ, ತುಳು ಸಿನೆಮಾ ಮಾತಾಡಿ ನೋಡಿ.

ಕಾಪು ಕಡಲಕರೆ:
ತುಂಬ ಉಪಕಾರ ಆಯ್ತು. ಪದವಿನಲ್ಲಿ ಸಂಜೆ ಗಾಳಿ ಜೋರು. ಶಾಮಿಯಾನದ ಪೈಪಿನಲ್ಲಿ ತೆರೆ ಕಟ್ಟಿದರೆ ನಿಲ್ತದಾ?

ಕುಡ್ಲದ ಪ್ರೊಜೆಕ್ಷನ್:
ಇಲ್ಲ ಮಾರಾಯ್ರೆ. ನಿಮ್ಮ ತೆರೆ 84 ಚದರ ಮೀಟರ್. ಗಂಟೆಗೆ 36 ಕಿ.ಮೀ. ಗಾಳಿಗೇ 600 ಕಿಲೋ ದೂಡುತ್ತದೆ, 54 ಆದರೆ 1,400 ಹತ್ತಿರ. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡು ಪಟ್ಟು ದಾಟುತ್ತದೆ. ಬಾಕ್ಸ್ ಟ್ರಸ್ (ಪೈಪುಗಳನ್ನು ಅಡ್ಡಡ್ಡ ಜೋಡಿಸಿದ ಗಟ್ಟಿ ಚೌಕಟ್ಟು), ಹಿಂದಕ್ಕೆ ಊರುಗಾಲು, ಬುಡಕ್ಕೆ ಕಾಂಕ್ರೀಟ್ ಬ್ಲಾಕ್, ಎಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕದ ಪ್ರಕಾರ ಆಗಲಿ. ಬಟ್ಟೆಯನ್ನು ಟ್ರಸ್‌ಗೆ ಇಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ, ಗಾಳಿ ಮಿತಿ ಮೀರಿದರೆ ಕೆಳಗಿನ ಅಂಚು ಬೇಗ ಬಿಚ್ಚುವ ಹಾಗಿರಬೇಕು. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಒಂದು ಟ್ರಸ್‌ನ ಮೇಲೆ ಹಾಕಿ, 36 ತೋರಿಸಿದ ಕೂಡಲೇ ಆಟ ನಿಲ್ಲಿಸಿ ತೆರೆ ಇಳಿಸಿ. ಸೂರ್ಯ ಮುಳುಗಿದ ಮೇಲೆ ಕಡಲಗಾಳಿ ಸಾಮಾನ್ಯವಾಗಿ ಇಳಿಯುತ್ತದೆ, ಆದ್ದರಿಂದ ಬಟ್ಟೆ ಏರಿಸುವ ಕೆಲಸ 6.30ರ ನಂತರ ಇಟ್ಟುಕೊಳ್ಳಿ. ಎಪ್ರಿಲ್‌ನಲ್ಲಿ ಘಟ್ಟದ ಕಡೆ ಗುಡುಗು ಕೇಳಿಸಿದರೆ ಅಂದಿನ ಟಿಕೆಟ್ ದುಡ್ಡು ವಾಪಸ್ ಎಂದು ಮೊದಲೇ ಬರೆದು ಹಾಕಿ.